ವಾರಸುದಾರರು ಕಾಣದ ಆಟಗಳಿಗೆ ಕಾನೂನಿನಲ್ಲೊಂದು ದಾರಿ ಬೇಕು: ಕೃತಿಸ್ವಾಮ್ಯ ರಿಜಿಸ್ಟ್ರಾರರಿಗೆ ಬಹಿರಂಗ ಪತ್ರ

ಇವರಿಗೆ,
ಕೃತಿಸ್ವಾಮ್ಯ ರಿಜಿಸ್ಟ್ರಾರರು ಹಾಗೂ
ಕಾರ್ಯದರ್ಶಿಗಳು, ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ,
ನವದೆಹಲಿ

ವಿಷಯ: ಮಾರಾಟದಲ್ಲಿಲ್ಲದ, ಹಕ್ಕುದಾರರು ಪತ್ತೆಯಾಗದ ಹಳೆಯ ಕಂಪ್ಯೂಟರ್ ಆಟಗಳ ಮರುಹಂಚಿಕೆ ಮತ್ತು ಮರುನಿರ್ಮಾಣದ ಬಗ್ಗೆ ಸ್ಪಷ್ಟನೆ ಕೋರಿ.

ಮಾನ್ಯರೇ,

ಕೆಲವು ಪ್ರಶ್ನೆಗಳಿಗೆ ಲಿಖಿತ ಉತ್ತರ ಬೇಡಿ ಈ ಪತ್ರ ಬರೆಯುತ್ತಿದ್ದೇನೆ. ಮೂವತ್ತು ವರ್ಷಗಳ ಹಿಂದೆ ಹೊರಬಂದ ಒಂದು ಕಂಪ್ಯೂಟರ್ ಆಟವಿದೆ. ಅದನ್ನು ಮಾಡಿದ ಕಂಪನಿ ಮುಚ್ಚಿಹೋಗಿದೆ, ಆಟ ಎಲ್ಲಿಯೂ ಮಾರಾಟಕ್ಕಿಲ್ಲ, ಅದರ ಹಕ್ಕು ಈಗ ಯಾರ ಬಳಿ ಇದೆಯೆಂದು ಎಷ್ಟು ಹುಡುಕಿದರೂ ತಿಳಿಯುತ್ತಿಲ್ಲ. ಅಂಥ ಆಟವನ್ನು ಪ್ರತಿ ಮಾಡಿ ಇನ್ನೊಬ್ಬರಿಗೆ ಕೊಡುವುದಕ್ಕೆ ಭಾರತದಲ್ಲಿ ಕಾನೂನಿನ ಅವಕಾಶವಿದೆಯೇ? ಗ್ರಂಥಾಲಯವೊಂದು ಅದನ್ನು ಉಳಿಸಿಡಬಹುದೇ? ಅದನ್ನು ಕನ್ನಡದಲ್ಲಿ ಮತ್ತೆ ಕಟ್ಟಬಹುದೇ? 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ನಾನು ಓದಿಕೊಂಡ ಮಟ್ಟಿಗೆ ಮೊದಲನೆಯದಕ್ಕೆ ಉತ್ತರ ‘ಇಲ್ಲ’, ಎರಡನೆಯದಕ್ಕೆ ‘ಹೆಚ್ಚುಕಡಿಮೆ ಇಲ್ಲ’. ಮೂರನೆಯದಕ್ಕೆ ನಾನು ಕೇಳಿದ ಯಾರೊಬ್ಬರೂ ಖಚಿತವಾದ ಮಾತು ಹೇಳಲಿಲ್ಲ. ನಾನು ವಕೀಲನಲ್ಲ; ಇಪ್ಪತ್ತು ವರ್ಷಗಳಿಂದ ತಂತ್ರಾಂಶ ಬರೆಯುವ ಕೆಲಸದಲ್ಲಿರುವವನು. ಕೃತಿಸ್ವಾಮ್ಯದಿಂದಲೇ ನನ್ನ ಅನ್ನ ಹುಟ್ಟುತ್ತದೆ. ಆದ್ದರಿಂದ ಈ ಪತ್ರವನ್ನು ಪೈರಸಿಯ ಪರವಾದ ಅಹವಾಲು ಎಂದು ದಯವಿಟ್ಟು ಭಾವಿಸಬಾರದು.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಮಲೆನಾಡಿನ ಒಂದು ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ. 1990ರ ದಶಕದ ಕೊನೆಯ ವರ್ಷಗಳವು. ನಾಲ್ಕು ಕಂಪ್ಯೂಟರುಗಳಿಗೆ ನಲವತ್ತು ಮಕ್ಕಳಿದ್ದೆವು. ವಾರಕ್ಕೊಂದು ಪೀರಿಯಡ್ ಸಿಗುತ್ತಿತ್ತು. ಅದರ ಕೊನೆಯ ಹತ್ತು ನಿಮಿಷ ಮೇಷ್ಟ್ರು ಆಟಕ್ಕೆ ಬಿಡುತ್ತಿದ್ದರು. ಡೇಂಜರಸ್ ಡೇವ್ ಮತ್ತು ಪ್ರಿನ್ಸ್ ಆಫ್ ಪರ್ಷಿಯಾ ಆಡದೆ ಆ ಕಾಲದ ಲ್ಯಾಬ್ ದಾಟಿಬಂದ ಮಕ್ಕಳು ಕರ್ನಾಟಕದಲ್ಲಿ ಕಡಿಮೆ ಇರಬೇಕು. ಅವೆರಡರ ಜೊತೆಗೆ ನಮ್ಮ ಲ್ಯಾಬಿನಲ್ಲಿ ಇನ್ನೊಂದು ಸಣ್ಣ ಆಟವಿತ್ತು. ಒಂದು ಊರಿನ ಸಂತೆಯಲ್ಲಿ ಧಾನ್ಯ ಕೊಂಡು, ದೋಣಿಯಲ್ಲಿ ಹೊಳೆ ದಾಟಿಸಿ, ಇನ್ನೊಂದು ಊರಿನಲ್ಲಿ ಮಾರಿ ಲಾಭನಷ್ಟ ಲೆಕ್ಕ ಹಾಕಬೇಕಾದ ಆಟ. ಶೇಕಡಾವಾರು ಲೆಕ್ಕವನ್ನು ನಾನು ಕಲಿತದ್ದು ಪಠ್ಯಪುಸ್ತಕದಿಂದಲ್ಲ, ಆ ಆಟದಿಂದ. ನಮ್ಮ ಲ್ಯಾಬಿನಲ್ಲಿದ್ದದ್ದು ನಕಲು ಪ್ರತಿ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಅದು ತಪ್ಪು ಎಂದು ಹೇಳಿಕೊಡುವವರೂ ಆಗ ಇರಲಿಲ್ಲ. ದುಡಿಯಲು ಆರಂಭಿಸಿದ ಮೇಲೆ ಆ ಆಟದ ಮೂಲ ಪೆಟ್ಟಿಗೆಯನ್ನು, ಕೈಪಿಡಿ ಮತ್ತು ಮೂರು ಫ್ಲಾಪಿಗಳ ಸಮೇತ, ಹೊರದೇಶದ ಒಬ್ಬ ಹಳೆಯ ಸಾಮಾನಿನ ವ್ಯಾಪಾರಿಯಿಂದ ಹಣ ಕೊಟ್ಟು ತರಿಸಿಕೊಂಡೆ.

ಐದು ವರ್ಷಗಳ ಹಿಂದೆ ನನ್ನ ಅಕ್ಕ ಪಾಠ ಮಾಡುವ ಕನ್ನಡ ಶಾಲೆಯ ಮಕ್ಕಳಿಗೆ ಅದನ್ನು ತೋರಿಸಿದೆ. ಇಂಗ್ಲಿಷ್ ಸೂಚನೆಗಳನ್ನು ನಾನು ಬಾಯಲ್ಲಿ ಅನುವಾದಿಸುತ್ತಾ ಹೋದೆ, ಮಕ್ಕಳು ಆಡಿದರು. ಇದನ್ನು ಕನ್ನಡದಲ್ಲೇ ಮಾಡಿ ಶಾಲೆಗಳಿಗೆ ಉಚಿತವಾಗಿ ಕೊಡಬೇಕೆಂದು ಅಂದೇ ನಿಶ್ಚಯಿಸಿದೆ. ಅನುಮತಿ ಕೇಳುವುದು ಮೊದಲ ಕೆಲಸವಾಗಬೇಕಲ್ಲವೇ? ಪೆಟ್ಟಿಗೆಯ ಮೇಲಿದ್ದ ವಿಳಾಸಕ್ಕೆ ಬರೆದ ಪತ್ರ, ಆ ಹೆಸರಿನವರು ಇಲ್ಲಿಲ್ಲ ಎಂಬ ಮುದ್ರೆಯೊಂದಿಗೆ ವಾಪಸು ಬಂತು. ಆ ಕಂಪನಿಯ ಆಸ್ತಿಯನ್ನು ಇನ್ನೊಂದು ಕಂಪನಿ ಕೊಂಡಿತ್ತು, ಅದನ್ನು ಮತ್ತೊಂದು ನುಂಗಿತ್ತು. ಕೊನೆಯದಕ್ಕೆ ಬರೆದಾಗ ಏಳು ತಿಂಗಳ ನಂತರ ಎರಡು ಸಾಲಿನ ಉತ್ತರ ಬಂತು: ಈ ಹೆಸರಿನ ಕೃತಿ ತಮ್ಮ ದಾಖಲೆಗಳಲ್ಲಿ ಕಾಣುತ್ತಿಲ್ಲ, ಆದರೆ ಈ ಪತ್ರವನ್ನು ಅನುಮತಿಯೆಂದು ತಿಳಿಯಬಾರದು. ಆಟ ಬರೆದಾತನ ಹೆಸರು ಕೈಪಿಡಿಯಲ್ಲಿದೆ; ಆತ ಎಲ್ಲಿದ್ದಾನೆ, ಇದ್ದಾನೆಯೇ ಎಂಬುದು ಇಂದಿಗೂ ನನಗೆ ಪತ್ತೆಯಾಗಿಲ್ಲ. ‘ನನ್ನದು’ ಎನ್ನುವವರೂ ಇಲ್ಲ, ‘ನಿನಗೆ ಬಿಟ್ಟೆ’ ಎನ್ನುವವರೂ ಇಲ್ಲ.

ನಮ್ಮ ಕಾಯ್ದೆಯಲ್ಲಿ ‘ಕೈಬಿಟ್ಟ ಕೃತಿ’ ಎಂಬ ವರ್ಗವೇ ಇಲ್ಲ ಎಂಬುದು ನನ್ನ ತೊಡಕಿನ ಬೇರು. ಸೆಕ್ಷನ್ 21ರ ಪ್ರಕಾರ ಲೇಖಕ ತನ್ನ ಹಕ್ಕನ್ನು ಬಿಟ್ಟುಕೊಡಬಹುದು. ಅದಕ್ಕೆ ರಿಜಿಸ್ಟ್ರಾರರಿಗೆ ನೋಟಿಸು ಕೊಡಬೇಕು ಅಥವಾ ಸಾರ್ವಜನಿಕ ಪ್ರಕಟಣೆ ಹೊರಡಿಸಬೇಕು. ಅಂದರೆ ಬಿಟ್ಟುಕೊಡುವುದಕ್ಕೂ ಬಾಯಿ ಬಿಟ್ಟು ಹೇಳುವ ಒಬ್ಬ ಯಜಮಾನ ಬೇಕು. ಮಾರುವುದನ್ನು ನಿಲ್ಲಿಸಿದರೂ, ಕಂಪನಿ ಬಾಗಿಲು ಹಾಕಿದರೂ, ಮೂವತ್ತು ವರ್ಷ ಯಾರೂ ತಿರುಗಿ ನೋಡದಿದ್ದರೂ ಕಾನೂನಿನ ಕಣ್ಣಿಗೆ ಏನೂ ಬದಲಾಗುವುದಿಲ್ಲ. ಸೆಕ್ಷನ್ 2(ಒ) ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿ ಎಂದು ಎಣಿಸುವುದರಿಂದ, ಸೆಕ್ಷನ್ 22ರ ಅವಧಿ, ಅಂದರೆ ಲೇಖಕನ ಜೀವಿತಾವಧಿ ಮತ್ತು ಆಮೇಲೆ 60 ವರ್ಷ, ಆಟಕ್ಕೂ ಅನ್ವಯಿಸುತ್ತದೆ. ಹಕ್ಕು ಕಂಪನಿಯ ಕೈಯಲ್ಲಿದ್ದರೂ ಎಣಿಕೆ ಬರೆದ ಮನುಷ್ಯನ ಆಯಸ್ಸಿನಿಂದಲೇ. ಅವನು ಯಾವಾಗ ತೀರಿಕೊಂಡ ಎಂದು ತಿಳಿಯದಿದ್ದರೆ ಹಕ್ಕು ಯಾವಾಗ ಮುಗಿಯುತ್ತದೆ ಎಂಬ ಲೆಕ್ಕವೇ ಸಿಗುವುದಿಲ್ಲ. ಅಮೆರಿಕದಲ್ಲಿ ಕಂಪನಿಗಾಗಿ ಮಾಡಿದ ಕೃತಿಗೆ ಪ್ರಕಟಣೆಯಿಂದ 95 ವರ್ಷ. 1990ರ ಆಟ ಅಲ್ಲಿ 2085ರ ಕೊನೆಯವರೆಗೆ ರಕ್ಷಿತ. ಫ್ಲಾಪಿಯ ಕಾಂತೀಯ ಲೇಪ ಅದರ ಅರ್ಧದಷ್ಟು ಕಾಲವೂ ಬಾಳುವುದಿಲ್ಲ.

ಇನ್ನು ಒಂದು ಆಟವೆಂದರೆ ಒಂದೇ ಕೃತಿಯಲ್ಲ. ಅದರ ಕೋಡ್, ಅಂದರೆ ಪ್ರೋಗ್ರಾಮಿನ ಬರಹ, ಸಾಹಿತ್ಯ ಕೃತಿ, ಚಿತ್ರಗಳು ಕಲಾ ಕೃತಿ, ಸಂಗೀತ ಬೇರೆ, ನಡುವಿನ ದೃಶ್ಯಗಳು ಬೇರೆ. ಒಬ್ಬೊಬ್ಬರ ಜೊತೆ ಒಂದೊಂದು ಕರಾರು ಆಗಿರುತ್ತದೆ, ಆ ಕರಾರಿನ ಕಾಗದಗಳು ಕಂಪನಿಯ ಜೊತೆಗೇ ಕಾಣೆಯಾಗಿರುತ್ತವೆ. ಮೊನೊಲಿತ್ ಎಂಬ ಸಂಸ್ಥೆ 2000ದಲ್ಲಿ ಮಾಡಿದ ‘ನೋ ಒನ್ ಲಿವ್ಸ್ ಫಾರೆವರ್’ ಎಂಬ ಆಟದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಅದನ್ನು ಪ್ರಕಟಿಸಿದ್ದು ಫಾಕ್ಸ್ ಇಂಟರಾಕ್ಟಿವ್. ಆ ವಿಭಾಗ ವಿವೆಂಡಿಗೆ ಹೋಯಿತು, ವಿವೆಂಡಿಯ ಆಟಗಳು ಆ್ಯಕ್ಟಿವಿಷನ್‌ಗೆ ಹೋದವು. ಮೊನೊಲಿತ್ ವಾರ್ನರ್ ಪಾಲಾಯಿತು. ಹಳೆಯ ಆಟಗಳನ್ನು ಹುಡುಕಿ ಮರುಪ್ರಕಟಿಸುವುದನ್ನೇ ವೃತ್ತಿ ಮಾಡಿಕೊಂಡ ನೈಟ್‌ಡೈವ್ ಸ್ಟುಡಿಯೋಸ್ ಹತ್ತು ವರ್ಷಗಳ ಹಿಂದೆ ಈ ಆಟಕ್ಕಾಗಿ ಫಾಕ್ಸ್, ಆ್ಯಕ್ಟಿವಿಷನ್, ವಾರ್ನರ್ ಮೂರೂ ಕಡೆ ಬಾಗಿಲು ತಟ್ಟಿತು. ಹಕ್ಕು ತಮ್ಮಲ್ಲಿದೆಯೇ ಇಲ್ಲವೇ ಎಂಬ ಖಚಿತ ಮಾತು ಯಾರಿಂದಲೂ ಬರಲಿಲ್ಲ, ಪ್ರಯತ್ನ ಕೈಬಿಡಬೇಕಾಯಿತು. ಆಮೇಲೆ ಫಾಕ್ಸ್‌ನ ಬಹುಪಾಲು ಡಿಸ್ನಿಯನ್ನು ಸೇರಿತು, ಆ್ಯಕ್ಟಿವಿಷನ್ ಮೈಕ್ರೋಸಾಫ್ಟ್ ಪಾಲಾಯಿತು, ಮೊನೊಲಿತ್‌ಅನ್ನು ವಾರ್ನರ್ 2025ರಲ್ಲಿ ಮುಚ್ಚಿತು. ದುಡ್ಡು ಕೊಡಲು ತಯಾರಿದ್ದ, ವಕೀಲರನ್ನಿಟ್ಟುಕೊಂಡಿದ್ದ ಸಂಸ್ಥೆಯ ಪಾಡೇ ಹೀಗಾದರೆ ಮೈಸೂರಿನಲ್ಲಿ ಕೂತು ಪತ್ರ ಬರೆಯುವ ನನ್ನಂಥವನು ಏನು ಮಾಡಬೇಕು?

ಅದೇ ನೈಟ್‌ಡೈವ್ ಗೆದ್ದ ಉದಾಹರಣೆಯೂ ಇದೆ. ‘ಸಿಸ್ಟಮ್ ಶಾಕ್ 2’ ಮಾಡಿದ ಲುಕಿಂಗ್ ಗ್ಲಾಸ್ ಸ್ಟುಡಿಯೋಸ್ 2000ದಲ್ಲಿ ಮುಚ್ಚಿದಾಗ ಅದರ ಹಕ್ಕು ಹೋಗಿ ಸೇರಿದ್ದು ಒಂದು ವಿಮಾ ಕಂಪನಿಯನ್ನು. ಆಟಗಳಿಗೂ ವಿಮೆಗೂ ಏನು ಸಂಬಂಧ ಎಂದು ಯಾರಿಗಾದರೂ ಆಶ್ಚರ್ಯವಾಗಬೇಕು. ನೈಟ್‌ಡೈವ್ ಕಟ್ಟಿದ ಒಬ್ಬ ಅಭಿಮಾನಿ ಆ ವಿಮಾ ಕಂಪನಿಯನ್ನು ಪತ್ತೆ ಮಾಡಿ ಮಾತುಕತೆ ನಡೆಸಿದ್ದರಿಂದ 2013ರಲ್ಲಿ ಆಟ ಮತ್ತೆ ಮಾರಾಟಕ್ಕೆ ಬಂತು. ಆದರೆ ಪ್ರತಿಯೊಂದು ಆಟಕ್ಕೂ ಅಂಥ ಹುಡುಕಾಟ ನಡೆಸುವ ಒಬ್ಬ ಸಿಕ್ಕಲಾರ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ ಮತ್ತು ಸಾಫ್ಟ್‌ವೇರ್ ಪ್ರಿಸರ್ವೇಷನ್ ನೆಟ್‌ವರ್ಕ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಅಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಭಾರತಕ್ಕೆ ಸಂಬಂಧಿಸಿ ಇಂಥ ಎಣಿಕೆ ನಡೆಯಬೇಕು ಎಂಬುದೂ ನನ್ನ ಕೋರಿಕೆಗಳಲ್ಲಿ ಒಂದು. ದೇಶದ ಮೊದಮೊದಲ ಆಟದ ಕಂಪನಿಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಮುಂದೆ ಸ್ವೀಡನ್ನಿನ ಕಂಪನಿಯ ಕೈಗೆ ಹೋಗಿ, 2019ರಲ್ಲಿ ರಾಕ್‌ಸ್ಟಾರ್ ಸೇರಿತು. ಹಕ್ಕು ಕೈಯಿಂದ ಕೈಗೆ ದಾಟುವುದು ನಮ್ಮ ಊರಿನಲ್ಲೂ ನಡೆಯುವ ವ್ಯವಹಾರವೇ. ಗುಂಡಿಗಳ ಫೋನುಗಳಿಗೆಂದು ಇಲ್ಲೇ ತಯಾರಾದ ಜಾವಾ ಆಟಗಳನ್ನು ಈಗ ಯಾರ ಬಳಿ ಕೇಳಬೇಕು?

ಕಾಯ್ದೆ ಗ್ರಂಥಾಲಯಗಳಿಗೆ ಕೊಟ್ಟಿರುವ ವಿನಾಯಿತಿಗಳನ್ನು ಓದಿದಾಗ ನನಗೆ ನಿಜವಾಗಿಯೂ ಬೇಸರವಾಯಿತು. ಸೆಕ್ಷನ್ 52(1)(ಒ) ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಮೂರು ಪ್ರತಿಗಳನ್ನು ಮಾಡಿಕೊಳ್ಳಲು ಲಾಭೋದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯಕ್ಕೆ ಅವಕಾಶ ಕೊಡುತ್ತದೆ. ಅದು ಪುಸ್ತಕ, ನಕ್ಷೆ, ಸಂಗೀತದ ಹಾಳೆಗಳಿಗೆ ಮಾತ್ರ. 2012ರಲ್ಲಿ ಸೇರಿಸಿದ 52(1)(ಎನ್) ಸಂರಕ್ಷಣೆಗಾಗಿ ಕೃತಿಯನ್ನು ವಿದ್ಯುನ್ಮಾನ ರೂಪದಲ್ಲಿ ಇಡಲು ಒಪ್ಪುತ್ತದೆ. ಅದಕ್ಕೆ ಷರತ್ತು, ಆ ಗ್ರಂಥಾಲಯದ ಬಳಿ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಮೊದಲೇ ಇರಬೇಕು. ಹುಟ್ಟುವಾಗಲೇ ಡಿಜಿಟಲ್ ಆಗಿ ಹುಟ್ಟಿದ ಆಟಕ್ಕೆ ಡಿಜಿಟಲ್ ಅಲ್ಲದ ಪ್ರತಿ ಎಲ್ಲಿಂದ ಬರಬೇಕು? ಸಂಶೋಧನೆ, ವಿಮರ್ಶೆಗಳಿಗೆ ನ್ಯಾಯಸಮ್ಮತ ಬಳಕೆಯನ್ನು ಒಪ್ಪುವ 52(1)(ಎ) ಕೂಡ ‘ಕಂಪ್ಯೂಟರ್ ಪ್ರೋಗ್ರಾಮನ್ನು ಹೊರತುಪಡಿಸಿ’ ಎಂದೇ ಆರಂಭವಾಗುತ್ತದೆ. ಪುಸ್ತಕಗಳ ಪ್ರತಿಯನ್ನು ರಾಷ್ಟ್ರೀಯ ಗ್ರಂಥಾಲಯಕ್ಕೆ ಸಲ್ಲಿಸಬೇಕೆಂಬ 1954ರ ಕಾಯ್ದೆ ನಮ್ಮಲ್ಲಿದೆ, ತಂತ್ರಾಂಶಕ್ಕೆ ಅಂಥದ್ದು ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಇಂದು ಅದರ ಪ್ರತಿ ಉಳಿದಿಲ್ಲ, ನೋಡಿದವರೂ ಬಹುಶಃ ಉಳಿದಿಲ್ಲ. ಚಿತ್ರದ ಮಟ್ಟಿಗೆ ಆಗ ಯಾರಿಗೂ ಅದರ ಬೆಲೆ ತಿಳಿದಿರಲಿಲ್ಲ ಎಂದಾದರೂ ಹೇಳಬಹುದು. ಆಟಗಳ ವಿಷಯದಲ್ಲಿ ಉಳಿಸಲು ಬಯಸುವವರು ಇಂದು ಇದ್ದಾರೆ. ಅವರ ಕೈ ಕಟ್ಟಿರುವುದು ಕಾನೂನು.

ಕೈ ಕಟ್ಟಿದೆ ಎಂದು ನಾನು ಹಗುರವಾಗಿ ಹೇಳುತ್ತಿಲ್ಲ. ಸೆಕ್ಷನ್ 63ರಡಿ ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000ದಿಂದ 2,00,000 ರೂಪಾಯಿವರೆಗೆ ದಂಡ; ಲಾಭಕ್ಕಾಗಿ ಮಾಡಿದ್ದಲ್ಲ ಎಂದಾದರೆ ನ್ಯಾಯಾಲಯ ಶಿಕ್ಷೆ ಕಡಿಮೆ ಮಾಡಬಹುದು, ಅಷ್ಟೆ. 2022ರಲ್ಲಿ ನಿಟ್ ಪ್ರೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ ಎಂದು ತೀರ್ಮಾನಿಸಿತು. ದೂರು ಕೊಡುವ ಯಜಮಾನನೇ ಇಲ್ಲದಿದ್ದರೆ ಯಾರು ಹಿಡಿಯುತ್ತಾರೆ ಎಂದು ಗೆಳೆಯರು ಕೇಳುತ್ತಾರೆ. ಹಿಡಿಯದಿರಬಹುದು. ಆದರೆ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿಗೆ ‘ಯಾರೂ ಹಿಡಿಯುವುದಿಲ್ಲ, ಹಾಕಿಕೊಳ್ಳಿ’ ಎಂದು ಒಂದು ಸಿ.ಡಿ. ಕೊಡಲು ನನಗೆ ಬಾಯಿ ಬರುವುದಿಲ್ಲ. ಅವರು ತೆಗೆದುಕೊಳ್ಳಲೂ ಬಾರದು. ಹಿಡಿಯುವವರಿಲ್ಲ ಎಂಬ ಭರವಸೆಯ ಮೇಲೆ ವಿಶ್ವವಿದ್ಯಾಲಯವೊಂದು ಸಂಗ್ರಹಾಲಯ ಕಟ್ಟಲಾರದು.

ಹಳೆಯದೆಲ್ಲ ಕೈಬಿಟ್ಟದ್ದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ನನ್ನ ಕಡೆಯವರೇ ಇದನ್ನು ಆಗಾಗ ಮರೆಯುತ್ತಾರೆ. ಪ್ರಿನ್ಸ್ ಆಫ್ ಪರ್ಷಿಯಾ 1989ರದು. ಅದನ್ನು ಬರೆದ ಜೋರ್ಡನ್ ಮೆಕ್ನರ್ ಅವರ ಮೂಲ ಸೋರ್ಸ್ ಕೋಡ್ ಕಳೆದೇ ಹೋಯಿತು ಎಂದುಕೊಂಡಿದ್ದಾಗ, 2012ರಲ್ಲಿ ಅವರ ತಂದೆಗೆ ಬೀರುವಿನ ಹಿಂದೆ ಆ ಫ್ಲಾಪಿಗಳ ಪೆಟ್ಟಿಗೆ ಸಿಕ್ಕಿತು. ಮೆಕ್ನರ್ ಅದನ್ನು ಎಲ್ಲರೂ ಓದುವಂತೆ ಪ್ರಕಟಿಸಿದರು. ಆದರೂ ಆ ಹೆಸರಿನಲ್ಲಿ ಇಂದಿಗೂ ಹೊಸ ಆಟಗಳು ಬರುತ್ತಿವೆ, ಅದಕ್ಕೆ ಯಜಮಾನರಿದ್ದಾರೆ. ಅದೇ ರೀತಿ, ನಿಂಟೆಂಡೊದ ಒಂದು ಹಳೆಯ ಮೆಟ್ರಾಯ್ಡ್ ಆಟವನ್ನು ಒಬ್ಬ ಅಭಿಮಾನಿ ವರ್ಷಗಟ್ಟಲೆ ಶ್ರಮಿಸಿ ಹೊಸದಾಗಿ ಕಟ್ಟಿ 2016ರಲ್ಲಿ ಉಚಿತವಾಗಿ ಬಿಟ್ಟಾಗ ಕಂಪನಿ ಕೆಲವೇ ದಿನಗಳಲ್ಲಿ ತಡೆಯಿತು. ಮರುವರ್ಷ ನಿಂಟೆಂಡೊ ಅದೇ ಆಟದ ತನ್ನದೇ ಮರುನಿರ್ಮಾಣವನ್ನು ಹೊರತಂದಿತು. ಆ ಅಭಿಮಾನಿಯ ಶ್ರಮವನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ. ಆದರೂ ಅಲ್ಲಿ ನ್ಯಾಯ ಕಂಪನಿಯ ಕಡೆಗೇ ಇತ್ತು ಎಂದು ನಾನು ಒಪ್ಪುತ್ತೇನೆ. ಯಜಮಾನ ಎಚ್ಚರವಾಗಿದ್ದಾನೆ, ಹೊಲ ಉಳುತ್ತಿದ್ದಾನೆ ಎಂದ ಮೇಲೆ ಬೇಲಿ ದಾಟಬಾರದು. ನಾನು ಕೇಳುತ್ತಿರುವುದು ದಶಕಗಳಿಂದ ಬೀಳು ಬಿದ್ದ ಹೊಲದ ಬಗ್ಗೆ.

ಯಜಮಾನರು ಮನಸ್ಸು ಮಾಡಿದರೆ ಕೆಲಸ ಎಷ್ಟು ಸುಲಭ ಎಂಬುದಕ್ಕೂ ಸಾಕ್ಷಿಗಳಿವೆ. ಬ್ರಿಟನ್ನಿನ ರೆವಲ್ಯೂಷನ್ ಸಾಫ್ಟ್‌ವೇರ್ 1994ರ ತನ್ನ ಆಟ ‘ಬಿನೀತ್ ಎ ಸ್ಟೀಲ್ ಸ್ಕೈ’ಯನ್ನು 2003ರಲ್ಲಿ ಉಚಿತವಾಗಿ ಬಿಟ್ಟುಕೊಟ್ಟಿತು, ಸ್ಕಮ್‌ವಿಎಂ ಎಂಬ ಮುಕ್ತ ತಂತ್ರಾಂಶದ ಮೂಲಕ ಅದು ಇಂದಿನ ಫೋನುಗಳಲ್ಲೂ ಓಡುತ್ತದೆ. ಐಡಿ ಸಾಫ್ಟ್‌ವೇರ್ 1997ರಲ್ಲೇ ‘ಡೂಮ್’ನ ಸೋರ್ಸ್ ಕೋಡ್ ಪ್ರಕಟಿಸಿತು, ಆದರೆ ಚಿತ್ರ ಮತ್ತು ಶಬ್ದಗಳ ಹಕ್ಕನ್ನು ಉಳಿಸಿಕೊಂಡಿತು, ಆಟವನ್ನು ಇಂದಿಗೂ ಮಾರುತ್ತಲೇ ಇದೆ. ಕೋಡ್ ತೆರೆದಿಟ್ಟರೆ ವ್ಯಾಪಾರ ಮುಳುಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಈಗ ಮರುನಿರ್ಮಾಣದ ವಿಷಯ. ನಮ್ಮ ಸಿನಿಮಾ ಲೋಕದಲ್ಲಿ ರೀಮೇಕ್ ಹಕ್ಕು ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಆಟಗಳಲ್ಲಿ ಗೆರೆ ಅಷ್ಟು ನೇರವಾಗಿಲ್ಲ. ಆರ್.ಜಿ. ಆನಂದ್ ಪ್ರಕರಣದಲ್ಲಿ 1978ರಲ್ಲೇ ಸುಪ್ರೀಂ ಕೋರ್ಟ್ ಹೇಳಿದಂತೆ, ಕೃತಿಸ್ವಾಮ್ಯ ಇರುವುದು ಅಭಿವ್ಯಕ್ತಿಗೆ, ಬರಿಯ ಆಲೋಚನೆಗಲ್ಲ. ಒಂದು ಊರಲ್ಲಿ ಕೊಂಡು ಇನ್ನೊಂದರಲ್ಲಿ ಮಾರುವ ಆಟದ ನಿಯಮ ಯಾರ ಸ್ವತ್ತೂ ಅಲ್ಲ. ಅಳಿಗುಳಿಮಣೆಯ ನಿಯಮಕ್ಕೆ ಯಜಮಾನನಿಲ್ಲದ ಹಾಗೆ. ನಮ್ಮ ಕಾಯ್ದೆಯ 52(1)(ಎಸಿ), ಅಂದರೆ ಪ್ರೋಗ್ರಾಮಿನ ಹಿಂದಿನ ತತ್ತ್ವಗಳನ್ನು ಅರಿಯಲು ಅದರ ನಡೆಯನ್ನು ಗಮನಿಸಿ, ಅಭ್ಯಸಿಸಿ, ಪರೀಕ್ಷಿಸುವ ಹಕ್ಕು, ಈ ವಿಷಯದಲ್ಲಿ ಉದಾರವಾಗಿದೆ. 52(1)(ಎಡಿ) ಕಾನೂನುಬದ್ಧವಾಗಿ ಪಡೆದ ಪ್ರತಿಯನ್ನು ಸ್ವಂತ ಬಳಕೆಗೆ ಮಾರ್ಪಡಿಸಿಕೊಳ್ಳಲೂ ಬಿಡುತ್ತದೆ. 2012ರ ಸೆಕ್ಷನ್ 65ಎ ಕೂಡ ಉಲ್ಲಂಘನೆಯ ಉದ್ದೇಶದಿಂದ, ನಕಲು ತಡೆಯಲು ಹಾಕಿದ ಡಿಜಿಟಲ್ ಬೀಗ ಮುರಿದರೆ ಮಾತ್ರ ಶಿಕ್ಷಿಸುತ್ತದೆ. ಈ ಮಟ್ಟಿಗೆ ನಮ್ಮ ಶಾಸಕರು ಅಮೆರಿಕದವರಿಗಿಂತ ವಿವೇಚನೆ ತೋರಿದ್ದಾರೆ ಎಂದು ಕೃತಜ್ಞತೆಯಿಂದ ಹೇಳಬೇಕು. ತೊಡಕು ಬರುವುದು ಮಾಡಿದ್ದನ್ನು ಇನ್ನೊಬ್ಬರಿಗೆ ಕೊಡುವಾಗ.

ಓಪನ್‌ಟಿಟಿಡಿ ಎಂಬ ಮರುನಿರ್ಮಿತ ಆಟದ ದಾರಿಯನ್ನು ಗಮನಿಸಿ. ಕ್ರಿಸ್ ಸಾಯರ್ ಅವರ 1995ರ ‘ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್’ ಆಟದ ಯಂತ್ರಭಾಷೆಯನ್ನು ಬಿಡಿಸಿ ಓದಿ, ಲುಡ್ವಿಗ್ ಸ್ಟ್ರಿಜಿಯಸ್ ಎಂಬ ಸ್ವೀಡನ್ನಿನ ಪ್ರೋಗ್ರಾಮರ್ 2004ರಲ್ಲಿ ಅದನ್ನು ಹೊಸದಾಗಿ ಬರೆದು ಬಿಟ್ಟರು. ಮೊದಮೊದಲು ಅದನ್ನು ಆಡಲು ಮೂಲ ಆಟದ ಚಿತ್ರ, ಶಬ್ದಗಳ ಫೈಲು ಬೇಕಿತ್ತು. ಸ್ವಯಂಸೇವಕರು ಪ್ರತಿಯೊಂದು ರೈಲನ್ನೂ, ಪ್ರತಿಯೊಂದು ಮರವನ್ನೂ ಹೊಸದಾಗಿ ಚಿತ್ರಿಸಿದರು. 2010ರ ಹೊತ್ತಿಗೆ ಮೂಲದ ಒಂದು ಚಿತ್ರವೂ ಇಲ್ಲದೆ ಆಟ ನಡೆಯುವಂತಾಯಿತು. ಚಿತ್ರ, ಶಬ್ದಗಳ ಮಟ್ಟಿಗೆ ಆಗ ಪ್ರಶ್ನೆ ಮುಗಿಯಿತು. ಕೋಡ್ ಮಾತ್ರ ಮೂಲವನ್ನು ಬಿಡಿಸಿ ಓದಿ ಬರೆದದ್ದಾದ್ದರಿಂದ ಅದು ಸ್ವತಂತ್ರವೇ, ಮಾರ್ಪಾಡೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಈ ಅನುಮಾನ ತಪ್ಪಿಸಲು ಬಲ್ಲವರು ಎರಡು ತಂಡ ಮಾಡುತ್ತಾರೆ. ಮೂಲವನ್ನು ನೋಡಿದ ತಂಡ ಅದು ಹೇಗೆ ನಡೆಯುತ್ತದೆ ಎಂಬುದನ್ನು ಮಾತಿನಲ್ಲಿ ಬರೆದುಕೊಡುತ್ತದೆ. ಮೂಲವನ್ನು ಎಂದೂ ನೋಡದ ತಂಡ ಆ ಬರಹವನ್ನಷ್ಟೇ ಓದಿ ಕೋಡ್ ಬರೆಯುತ್ತದೆ.

ನಾನು ಮಾಡಿದ್ದೂ ಹೆಚ್ಚುಕಡಿಮೆ ಹಾಗೆಯೇ. ಧಾನ್ಯದ ಆಟದ ನಡೆಯನ್ನು ನಾನು ಬರೆದುಕೊಟ್ಟೆ, ಆ ಆಟವನ್ನು ನೋಡಿಯೇ ಇರದ ಒಬ್ಬ ಕಿರಿಯ ಸಹೋದ್ಯೋಗಿ ಕೋಡ್ ಬರೆದಳು. ಚಿತ್ರಗಳು ಹೊಸವು. ದೋಣಿಯ ಜಾಗದಲ್ಲಿ ತುಂಗೆಯ ಉಕ್ಕಡ ಬಂತು, ಗೋಧಿಯ ಜಾಗದಲ್ಲಿ ಭತ್ತ, ರಾಗಿ, ಅಡಿಕೆ ಬಂದವು. ಹೆಸರೂ ಬೇರೆ. ಆದರೆ ಮೂಲ ಆಟದ ಜೀವ ಇದ್ದದ್ದು ನಡುನಡುವೆ ಬರುವ ನಲವತ್ತೆರಡು ಲೆಕ್ಕದ ಒಗಟುಗಳಲ್ಲಿ. ಸುಲಭದಿಂದ ಕಷ್ಟಕ್ಕೆ ಮೆಟ್ಟಿಲು ಕಟ್ಟಿದ ಹಾಗೆ ಅವುಗಳನ್ನು ಜೋಡಿಸಿದ ಕೈ ಒಬ್ಬ ಒಳ್ಳೆಯ ಮೇಷ್ಟ್ರದು ಎಂದು ನನಗೆ ಅನ್ನಿಸುತ್ತದೆ. ಅವು ನಿಯಮಗಳಲ್ಲ, ಬರಹ. ಅವನ್ನು ಕನ್ನಡಕ್ಕೆ ತಂದರೆ ಅನುವಾದವಾಗುತ್ತದೆ, ಅನುವಾದಕ್ಕೆ ಅನುಮತಿ ಬೇಕು. ಒಗಟುಗಳನ್ನು ಬಿಟ್ಟರೆ ಉಳಿಯುವುದು ಸಂತೆಯ ಚಿತ್ರವಷ್ಟೆ. ಆದ್ದರಿಂದ ಆ ಕೆಲಸ ನಾಲ್ಕು ವರ್ಷಗಳಿಂದ ನನ್ನ ಕಂಪ್ಯೂಟರಿನಲ್ಲೇ ಕುಳಿತಿದೆ.

ಹೀಗಿರುವಾಗ ಕಾಯ್ದೆಯಲ್ಲೇ ಒಂದು ಬಾಗಿಲಿದೆ ಎಂದು ತಿಳಿದು ನನಗೆ ಆದ ಸಂತೋಷ ಸಣ್ಣದಲ್ಲ. ಸೆಕ್ಷನ್ 31ಎ ಪ್ರಕಾರ, ಕೃತಿ ಭಾರತದ ಜನರಿಗೆ ದೊರೆಯದಂತಿದ್ದು, ಲೇಖಕ ಸತ್ತಿದ್ದರೆ, ಯಾರೆಂದು ತಿಳಿಯದಿದ್ದರೆ, ಪತ್ತೆಯಾಗದಿದ್ದರೆ, ಅಥವಾ ಹಕ್ಕುದಾರ ಸಿಗದಿದ್ದರೆ, ಆ ಕೃತಿಯನ್ನೋ ಅದರ ಅನುವಾದವನ್ನೋ ಪ್ರಕಟಿಸಲು ಯಾರು ಬೇಕಾದರೂ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಹಿಂದೆ ಅಪ್ರಕಟಿತ ಭಾರತೀಯ ಕೃತಿಗಳಿಗಷ್ಟೇ ಇದ್ದ ಈ ಅವಕಾಶವನ್ನು 2012ರಲ್ಲಿ ಎಲ್ಲ ಕೃತಿಗಳಿಗೂ ವಿಸ್ತರಿಸಲಾಯಿತು. ನಿಗದಿಯಾದ ರಾಯಧನವನ್ನು ಸರ್ಕಾರದ ಖಾತೆಯಲ್ಲಿ ಇಡಬೇಕು. ಹಕ್ಕುದಾರನೋ ಅವನ ಉತ್ತರಾಧಿಕಾರಿಯೋ ಎಂದು ಬಂದರೂ ಅದನ್ನು ಪಡೆಯಬಹುದು. ಇದಕ್ಕಿಂತ ನ್ಯಾಯವಾದ ಏರ್ಪಾಟನ್ನು ನಾನು ಊಹಿಸಲಾರೆ. ಬಾರದ ಯಜಮಾನನ ಪಾಲನ್ನು ತೆಗೆದಿಟ್ಟು ಉಳಿದವರು ಊಟಕ್ಕೆ ಕೂರುವ ಮನೆಯ ಪದ್ಧತಿ ಇದು.

ಆದರೆ ಈ ಬಾಗಿಲು ಪುಸ್ತಕದ ಅಳತೆಗೆ ಕೊರೆದದ್ದು. ಅರ್ಜಿಗೆ ಮೊದಲು ದೇಶದ ಬಹುಭಾಗದಲ್ಲಿ ಪ್ರಸಾರವಿರುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು, ಅನುವಾದವಾದರೆ ಆ ಭಾಷೆಯ ಪತ್ರಿಕೆಯಲ್ಲೂ ಕೊಡಬೇಕು. ಉಚಿತವಾಗಿ ಹಂಚುವ ಶಾಲಾ ಆಟವೊಂದಕ್ಕೆ ಆ ಖರ್ಚು ಆಟ ಮಾಡುವ ಖರ್ಚನ್ನೇ ಮೀರಬಹುದು. ಇಂಥ ಅರ್ಜಿಗಳನ್ನು ನೋಡುತ್ತಿದ್ದ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ 2021ರಲ್ಲಿ ರದ್ದಾದ ಮೇಲೆ ಅರ್ಜಿ ಹೋಗಬೇಕಾದದ್ದು ವಾಣಿಜ್ಯ ನ್ಯಾಯಾಲಯಕ್ಕೆ. ಅಲ್ಲಿ ವಕೀಲರಿಲ್ಲದೆ ಹೆಜ್ಜೆ ಇಡುವುದು ಸಾಮಾನ್ಯರಿಗೆ ಕಷ್ಟ. ಅದಕ್ಕಿಂತ ಮುಖ್ಯವಾಗಿ, ಸೆಕ್ಷನ್ ಹೇಳುವುದು ಪ್ರಕಟಿಸುವುದು, ಜನರಿಗೆ ತಲುಪಿಸುವುದು, ಅನುವಾದಿಸುವುದು, ಇಷ್ಟನ್ನೇ. ಮಾರ್ಪಾಡನ್ನು ಕಾಯ್ದೆ ಬೇರೆ ಹಕ್ಕು ಎಂದು ಎಣಿಸುತ್ತದೆ. ಡಾಸ್ ಎಂಬ ಹಿಂದಿನ ಕಾರ್ಯಾಚರಣಾ ವ್ಯವಸ್ಥೆಗೆ ಬರೆದ ಹಳೆಯ ಆಟ ಇಂದಿನ ಕಂಪ್ಯೂಟರಿನಲ್ಲಿ ಓಡಬೇಕಾದರೆ ಮಾರ್ಪಾಡು ಆಗಲೇಬೇಕು. ಲೈಸೆನ್ಸ್ ಸಿಕ್ಕಿತು, ಓಡಿಸುವ ಹಕ್ಕು ಸಿಗಲಿಲ್ಲ ಎಂದಾದರೆ ಏನು ಪ್ರಯೋಜನ? ಪರದೆಯ ಮೇಲಿನ ಮಾತುಗಳನ್ನು ಕನ್ನಡಕ್ಕೆ ತರುವುದು ‘ಅನುವಾದ’ವೇ, ಅದಕ್ಕಾಗಿ ಕೋಡ್ ತಿದ್ದುವುದು ‘ಮಾರ್ಪಾಡೇ’ ಎಂಬುದನ್ನು ಹೇಳುವ ನಿಯಮ 2013ರ ಕೃತಿಸ್ವಾಮ್ಯ ನಿಯಮಗಳಲ್ಲಿ ನನಗೆ ಕಾಣಲಿಲ್ಲ.

ಆದ್ದರಿಂದ ನನ್ನ ಮುಖ್ಯ ಕೋರಿಕೆ ಹೊಸ ಕಾಯ್ದೆಯಲ್ಲ, ಈ ಬಾಗಿಲನ್ನು ಅಗಲ ಮಾಡುವುದು. ನಿಮ್ಮ ಕಚೇರಿಯ ಜಾಲತಾಣದಲ್ಲಿ ಹುಡುಕಾಟದ ಒಂದು ಸಾರ್ವಜನಿಕ ವಹಿಯನ್ನು ತೆರೆಯಿರಿ. ಯಾವ ಆಟ, ಯಾವ ವರ್ಷ, ಪೆಟ್ಟಿಗೆಯ ಮೇಲೆ ಯಾರ ಹೆಸರು, ಯಾರಿಗೆಲ್ಲ ಪತ್ರ ಬರೆಯಲಾಯಿತು, ಏನು ಉತ್ತರ ಬಂತು ಎಂಬುದನ್ನು ಅರ್ಜಿದಾರ ಪ್ರಮಾಣಪೂರ್ವಕವಾಗಿ ಅಲ್ಲಿ ದಾಖಲಿಸಲಿ. ಪತ್ರಿಕೆಯ ಜಾಹೀರಾತಿನ ಬದಲಿಗೆ ಈ ವಹಿಯೇ ಪ್ರಕಟಣೆಯಾಗಲಿ; ಲಂಡನ್ನಿನಲ್ಲಿ ಕೂತ ಹಕ್ಕುದಾರನಿಗೆ ದೆಹಲಿಯ ಪತ್ರಿಕೆಗಿಂತ ಇದು ಬೇಗ ಕಾಣುತ್ತದೆ. ಹನ್ನೆರಡು ತಿಂಗಳೊಳಗೆ ಯಾರೂ ‘ನನ್ನದು’ ಎಂದು ದಾಖಲೆ ಸಮೇತ ಬಾರದಿದ್ದರೆ, ಲಾಭವಿಲ್ಲದ ಹಂಚಿಕೆಗೂ, ಓಡುವಂತೆ ಮಾಡಲು ಬೇಕಾದ ಮಾರ್ಪಾಡಿಗೂ, ಭಾರತೀಯ ಭಾಷೆಗಳ ಅನುವಾದಕ್ಕೂ ನ್ಯಾಯಾಲಯದ ಅಲೆದಾಟವಿಲ್ಲದೆ ಲೈಸೆನ್ಸ್ ಸಿಗುವಂತಾಗಲಿ. ದುಡ್ಡು ಮಾಡುವ ಉದ್ದೇಶವಿದ್ದವರು ಈಗಿನಂತೆ ನ್ಯಾಯಾಲಯಕ್ಕೇ ಹೋಗಲಿ, ರಾಯಧನ ಕಟ್ಟಲಿ. ಹಕ್ಕುದಾರ ಆಮೇಲೆ ಬಂದರೆ ಆ ದಿನದಿಂದ ಹೊಸ ಹಂಚಿಕೆ ನಿಲ್ಲಲಿ; ಅದುವರೆಗೆ ಸದುದ್ದೇಶದಿಂದ ನಡೆದದ್ದಕ್ಕೆ ಯಾರೂ ಜೈಲು ಕಾಣದಿರಲಿ. ಮೌನಕ್ಕೆ ಕಾನೂನಿನಲ್ಲಿ ಒಂದು ಅರ್ಥ ಕೊಡಿ ಎಂದಷ್ಟೇ ಕೇಳುತ್ತಿದ್ದೇನೆ. ಇಂದು ಮೌನದ ಭಾರವನ್ನೆಲ್ಲ ಹೊರುತ್ತಿರುವವನು ಹುಡುಕುವವನು. ಮರೆತು ಕುಳಿತವನ ಮೇಲೆ ಒಂದು ಪತ್ರಕ್ಕೆ ಉತ್ತರಿಸುವ ಹೊಣೆಯೂ ಇಲ್ಲ.

ಗ್ರಂಥಾಲಯಗಳ ವಿಷಯದಲ್ಲಿ 52(1)(ಎನ್)ನಿಂದ ‘ಡಿಜಿಟಲ್ ಅಲ್ಲದ’ ಎಂಬ ಷರತ್ತನ್ನು ತೆಗೆದರೆ ಅರ್ಧ ಕೆಲಸ ಮುಗಿಯುತ್ತದೆ. ಯುರೋಪ್ 2019ರ ತನ್ನ ನಿರ್ದೇಶನದಲ್ಲಿ ಪರಂಪರೆಯ ಸಂಸ್ಥೆಗಳು ಸಂರಕ್ಷಣೆಗಾಗಿ ಕಂಪ್ಯೂಟರ್ ಪ್ರೋಗ್ರಾಮುಗಳ ಪ್ರತಿ ಮಾಡುವುದನ್ನೂ ಸೇರಿಸಿಕೊಂಡಿದೆ. ಅಮೆರಿಕದಲ್ಲಿ ಬೀಗ ಮುರಿಯುವ ನಿಷೇಧಕ್ಕೆ ವಿನಾಯಿತಿ ಕೇಳಲು ಮೂರು ವರ್ಷಕ್ಕೊಮ್ಮೆ ಸಾರ್ವಜನಿಕ ವಿಚಾರಣೆ ನಡೆಯುತ್ತದೆ. 2003ರಲ್ಲೇ ಬಳಕೆ ತಪ್ಪಿದ ಮಾಧ್ಯಮಗಳಲ್ಲಿದ್ದ ಆಟಗಳಿಗೆ ವಿನಾಯಿತಿ ಸಿಕ್ಕಿತು, 2015ರಲ್ಲಿ ಸರ್ವರ್ ನಿಂತುಹೋದ ಆಟಗಳಿಗೆ ಸಿಕ್ಕಿತು. 2024ರಲ್ಲಿ ಸಂಶೋಧಕರು ಮನೆಯಿಂದಲೇ ಸಂಗ್ರಹದ ಆಟಗಳನ್ನು ನೋಡಬಹುದೇ ಎಂದು ಕೇಳಿದಾಗ ಮಾತ್ರ ಆಗದು ಎಂಬ ತೀರ್ಮಾನ ಬಂತು. ಆ ತೀರ್ಮಾನ ತಪ್ಪು ಎಂಬುದು ನನ್ನ ಅಭಿಪ್ರಾಯ. ಆದರೆ ಕೇಳುವುದಕ್ಕೆ ಅಲ್ಲಿ ಒಂದು ಜಾಗವಿದೆ, ‘ಇಲ್ಲ’ ಎಂದದ್ದಕ್ಕೆ ಕಾರಣ ಬರೆದ ಪುಟಗಳಿವೆ. ನಮ್ಮಲ್ಲೂ ಅಂಥ ವಿಚಾರಣೆ ನಡೆಯಲಿ. ಅದರಲ್ಲಿ ಭಾರತೀಯ ಭಾಷೆಗಳಲ್ಲಿ ಅಹವಾಲು ಸಲ್ಲಿಸಲು ಅವಕಾಶವಿರಲಿ. 2012ರಲ್ಲಿ ಆ್ಯನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆ ಪ್ರತ್ಯೇಕ ನೀತಿ ರೂಪಿಸಿದ, 2024ರಲ್ಲಿ ಅದನ್ನು ಹೊಸದಾಗಿಸಿದ ಕರ್ನಾಟಕ ಸರ್ಕಾರ ಈ ವಿಚಾರಣೆಗೆ ಆತಿಥ್ಯ ವಹಿಸಲು ಯೋಗ್ಯವಾದ ಸ್ಥಳದಲ್ಲಿದೆ. ಈ ಪತ್ರದ ಪ್ರತಿಯನ್ನು ಅದರ ಐಟಿ–ಬಿಟಿ ಇಲಾಖೆಗೂ ಕಳುಹಿಸುತ್ತಿದ್ದೇನೆ.

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳು ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಓಲೆಗರಿಗೆ ಹುಳು ಹಿಡಿಯುತ್ತದೆ, ಒಂದೇ ಕಡೆ ಇದ್ದರೆ ಒಂದೇ ಬೆಂಕಿಗೆ ಎಲ್ಲವೂ ಹೋಗುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿತ್ತು. ನನ್ನ ಬಳಿ ಇರುವ ಮೂರು ಫ್ಲಾಪಿಗಳನ್ನು ಕಳೆದ ವರ್ಷ ಓದಿಸಲು ಯತ್ನಿಸಿದಾಗ ಮೊದಲ ಎರಡು ಸರಿಯಾಗಿ ಬಂದವು. ಮೂರನೆಯದರಲ್ಲಿ ಕೆಲವು ಸೆಕ್ಟರುಗಳು ಎಷ್ಟು ಸಲ ಪ್ರಯತ್ನಿಸಿದರೂ ಬರಲಿಲ್ಲ. ಒಗಟುಗಳಲ್ಲಿ ಕೊನೆಯ ಐದು ಅಲ್ಲಿದ್ದವು. ಈ ಆಟವನ್ನು ಇಟ್ಟುಕೊಂಡವರು ಜಗತ್ತಿನಲ್ಲಿ ಇನ್ನೂ ಯಾರಾದರೂ ಇರಬಹುದು, ಅವರ ಮೂರನೆಯ ಫ್ಲಾಪಿ ಚೆನ್ನಾಗಿರಬಹುದು. ಅವರ ಪ್ರತಿಯನ್ನು ನಾನು, ನನ್ನ ಪ್ರತಿಯನ್ನು ಅವರು ಪಡೆದುಕೊಳ್ಳುವುದು ಇಂದಿನ ಕಾನೂನಿನಲ್ಲಿ ಅಪರಾಧ.

ಹುಡುಕಾಟದ ಪತ್ರಗಳು, ವಾಪಸು ಬಂದ ಲಕೋಟೆ, ಏಳು ತಿಂಗಳ ನಂತರ ಬಂದ ಉತ್ತರ, ಪೆಟ್ಟಿಗೆಯ ಛಾಯಾಚಿತ್ರ, ಇವೆಲ್ಲವನ್ನೂ ಜೋಡಿಸಿ ಸೆಕ್ಷನ್ 31ಎ ಅಡಿಯಲ್ಲಿ ಕನ್ನಡ ಅನುವಾದಕ್ಕೆ ಅರ್ಜಿಯನ್ನು ಸಿದ್ಧಪಡಿಸಿದ್ದೇನೆ. ಕಂಪ್ಯೂಟರ್ ಆಟವೊಂದನ್ನು ಈ ಸೆಕ್ಷನ್ನಿನಡಿ ‘ಕೃತಿ’ಯೆಂದು ಪರಿಗಣಿಸಲಾಗುತ್ತದೆಯೇ, ಅದನ್ನು ಓಡಿಸಲು ಬೇಕಾದ ಮಾರ್ಪಾಡು ಲೈಸೆನ್ಸಿನೊಳಗೆ ಬರುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೆ ನಿಮ್ಮ ಕಚೇರಿಯ ಲಿಖಿತ ಉತ್ತರ ತಲುಪಿದ ಮರುದಿನವೇ ಅದನ್ನು ಸಲ್ಲಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತಂತ್ರಾಂಶ ಬರಹಗಾರ
ಮೈಸೂರು